ಉಗ್ರಾಣದ ಲೆಕ್ಕ: ಲೆಫ್ಟಿನೆಂಟ್ ಫ್ಲಿಪ್ಪರನ ವೃತ್ತಾಂತ

ಅಮೇರಿಕಾ ದೇಶದ ಅಶ್ವದಳವೆಂದೊಡನೆ ರಣರಂಗದಲ್ಲಿ ಹೆಸರಾದ ಸೇನಾನಿಗಳನ್ನು ಸ್ಮರಿಸುವುದು ವಾಡಿಕೆ. ನಾವು ಇಲ್ಲಿ ಪರಿಚಯ ಮಾಡಿಕೊಡಬೇಕೆಂದಿರುವ ಹೆನ್ರಿ ಒಸಿಯನ್ ಫ್ಲಿಪ್ಪರನು ಯಾವ ದೊಡ್ಡ ಯುದ್ಧವನ್ನೂ ಗೆದ್ದವನಲ್ಲ. ಕಾಣೆಯಾದ ಹಣದ ಲೆಕ್ಕವೊಂದು ಇಪ್ಪತ್ತೈದನೆಯ ವಯಸ್ಸಿನಲ್ಲಿ ಆತನ ಸೇನಾಜೀವನವನ್ನು ಮುರಿಯಿತು. ಆ ಕಳಂಕವನ್ನು ತೊಳೆದುಕೊಳ್ಳುವ ಆಸೆಯು ಕೊನೆಯವರೆಗೂ ಆತನನ್ನು ಬಿಡಲಿಲ್ಲ.

ಈತನು ೧೮೫೬ನೆಯ ಇಸವಿಯ ಮಾರ್ಚಿ ೨೧ರಂದು ಜಾರ್ಜಿಯಾ ಸಂಸ್ಥಾನದ ಥಾಮಸ್‌ವಿಲ್ ಎಂಬ ಊರಿನಲ್ಲಿ ಜನಿಸಿದನು. ತಂದೆಯಾದ ಫೆಸ್ಟಸನು ಪಾದರಕ್ಷೆಗಳನ್ನು ಹೊಲಿಯುವವನು, ತಾಯಿ ಇಸಬೆಲ್ಲಾ. ಇಬ್ಬರೂ ಗುಲಾಮರು, ಅದರಲ್ಲಿಯೂ ಬೇರೆ ಬೇರೆ ಒಡೆಯರಿಗೆ ಸೇರಿದವರು. ತಂದೆಯ ಒಡೆಯನು ಅಟ್ಲಾಂಟಾ ನಗರಕ್ಕೆ ಹೊರಟು ನಿಂತಾಗ ಸಂಸಾರವು ಒಡೆದುಹೋಗುವ ಕಾಲ ಬಂದಿತು. ಆಗ ಫೆಸ್ಟಸನು ತಾನು ದುಡಿದು ಕೂಡಿಟ್ಟಿದ್ದ ಹಣವನ್ನು ಒಡೆಯನಿಗೇ ಸಾಲವಾಗಿ ಕೊಟ್ಟು, ಆ ಹಣದಿಂದ ತನ್ನ ಹೆಂಡತಿಯನ್ನೂ ಮಗನನ್ನೂ ಕೊಳ್ಳುವಂತೆ ಮಾಡಿದನು! ಗುಲಾಮನು ಒಡೆಯನಿಗೆ ಸಾಲ ಕೊಟ್ಟ ಈ ಸಂಗತಿಯನ್ನು ನಾವು ಎರಡು ಸಲ ಓದಿದ ಮೇಲೆಯೇ ನಂಬಿದೆವು. ಹುಡುಗನಿಗೆ ಅಕ್ಷರ ಕಲಿಸಿದವನೂ ಮತ್ತೊಬ್ಬ ಗುಲಾಮನೇ.

೧೮೬೫ರಲ್ಲಿ ಗುಲಾಮಗಿರಿಯು ರದ್ದಾಯಿತು. ೧೮೭೩ರಲ್ಲಿ ಫ್ಲಿಪ್ಪರನು ವೆಸ್ಟ್ ಪಾಯಿಂಟಿನ ಸೇನಾ ವಿದ್ಯಾಲಯವನ್ನು ಸೇರಿದನು. ಅಲ್ಲಿದ್ದ ನಾಲ್ಕು ವರ್ಷವೂ ಬಿಳಿಯ ಸಹಪಾಠಿಗಳು ಆತನೊಡನೆ ಮಾತನಾಡಲಿಲ್ಲವೆಂದರೆ ಸಲ್ಲುತ್ತದೆ. ಆದರೂ ೧೮೭೭ರಲ್ಲಿ ಎಪ್ಪತ್ತಾರು ಮಂದಿಯಲ್ಲಿ ಐವತ್ತನೆಯವನಾಗಿ ತೇರ್ಗಡೆ ಹೊಂದಿ, ಆ ವಿದ್ಯಾಲಯದಿಂದ ಹೊರಬಂದ ಮೊದಲನೆಯ ಕಪ್ಪು ವರ್ಣದ ಅಧಿಕಾರಿಯೆನಿಸಿದನು. ಕಪ್ಪು ವರ್ಣದ ಸಿಪಾಯಿಗಳಿಂದಲೇ ಕೂಡಿದ ಹತ್ತನೆಯ ಅಶ್ವದಳದಲ್ಲಿ ಲೆಫ್ಟಿನೆಂಟನಾಗಿ ನೇಮಕವಾಯಿತು. ಅದುವರೆಗೆ ಆ ದಳದ ಅಧಿಕಾರಿಗಳೆಲ್ಲರೂ ಬಿಳಿಯರೇ.

ಈಗಿನ ಓಕ್ಲಹೋಮಾದಲ್ಲಿರುವ ಸಿಲ್ ಕೋಟೆಯ ಸುತ್ತ ನಿಂತ ನೀರಿನ ಹೊಂಡಗಳಿದ್ದು, ಸಿಪಾಯಿಗಳು ಚಳಿಜ್ವರದಿಂದ ನರಳುತ್ತಿದ್ದರು. ಸೊಳ್ಳೆಯೇ ಈ ರೋಗವನ್ನು ಹರಡುವುದೆಂದು ಆಗ ತಿಳಿದಿರಲಿಲ್ಲ. ರೋನಾಲ್ಡ್ ರಾಸನು ನಮ್ಮ ಸಿಕಂದರಾಬಾದಿನಲ್ಲಿ ಅದರ ಜಾಡು ಹಿಡಿದದ್ದು ೧೮೯೭ರಲ್ಲಿ. ಕೆಟ್ಟ ನೀರು ಹೋದರೆ ಜ್ವರವೂ ಹೋದೀತೆಂಬ ಅನುಭವದಿಂದ ಫ್ಲಿಪ್ಪರನು ಕಾಲುವೆಯೊಂದನ್ನು ತೋಡಿಸಿದನು. ನೋಡುವವರ ಕಣ್ಣಿಗೆ ನೀರು ಏರಿನ ಕಡೆಗೆ ಹರಿಯಬೇಕಾದಂತೆ ತೋರುತ್ತಿದ್ದಿತಂತೆ. ನೀರೇನೋ ಹರಿಯಿತು, ಜ್ವರವೂ ತಗ್ಗಿತು. ಆ ಕಾಲುವೆಗೆ ಇಂದಿಗೂ ಆತನದೇ ಹೆಸರು.

ಬಳಿಕ ಟೆಕ್ಸಾಸ್ ಸಂಸ್ಥಾನದ ಡೇವಿಸ್ ಕೋಟೆಯಲ್ಲಿ ಉಗ್ರಾಣದ ಅಧಿಕಾರವು ಆತನ ಪಾಲಿಗೆ ಬಂದಿತು. ೧೮೮೧ರಲ್ಲಿ ಹೊಸದಾಗಿ ಬಂದ ಕರ್ನಲ್ ವಿಲಿಯಂ ಶಾಫ್ಟರನು ಸರಕಾರದ ಹಣವನ್ನು ಬಿಡಾರದಲ್ಲಿಯೇ ಇಟ್ಟುಕೊಳ್ಳುವಂತೆ ಫ್ಲಿಪ್ಪರನಿಗೆ ಹೇಳಿದನು. ಹಣವು ಪೆಟ್ಟಿಗೆಯನ್ನು ಸೇರಿತು. ಮನೆಗೆಲಸದ ಹೆಂಗಸಿಗೆ ಆ ಪೆಟ್ಟಿಗೆಯ ಬಳಿ ಹೋಗಿಬರಲು ಅಡ್ಡಿಯಿರಲಿಲ್ಲ. ಕೆಲವು ತಿಂಗಳುಗಳಲ್ಲಿ ಲೆಕ್ಕ ಕೂಡದೆ ಹೋಯಿತು. ಆತನು ಮೇಲಧಿಕಾರಿಗೆ ಕೂಡಲೆ ತಿಳಿಸಬೇಕಾಗಿದ್ದಿತು. ತಿಳಿಸಲಿಲ್ಲ. ತಾನು ಬರೆದಿದ್ದ ಪುಸ್ತಕದಿಂದ ಬರಬಹುದಾದ ಹಣವನ್ನು ನೆಚ್ಚಿಕೊಂಡು, ಬ್ಯಾಂಕಿನಲ್ಲಿಲ್ಲದ ಹಣಕ್ಕೆ ಚೆಕ್ಕು ಬರೆದನು. ಕೇಳಿದಾಗ ಸುಳ್ಳು ಹೇಳಿದನು. ಈ ತಪ್ಪನ್ನು ನಾವು ಮರೆಮಾಚಲಾರೆವು.

ಶೋಧನೆ ನಡೆದಾಗ ಕೆಲವು ಚೆಕ್ಕುಗಳು ಆ ಹೆಂಗಸಿನ ಬಳಿಯಲ್ಲಿ ದೊರೆತವು. ಅಧಿಕಾರಿಗಳಿಗೆ ಸಾಮಾನ್ಯವಾಗಿ ವಿಧಿಸದ ಕಾವಲುಮನೆಯ ಸೆರೆವಾಸ ಫ್ಲಿಪ್ಪರನಿಗೆ ಪ್ರಾಪ್ತವಾಯಿತು. ೩,೭೯೧ ಡಾಲರು ೭೭ ಸೆಂಟುಗಳನ್ನು ಅಪಹರಿಸಿದನೆಂದು ಆಪಾದನೆ. ಇಲ್ಲಿ ಮನಸ್ಸನ್ನು ಕರಗಿಸುವ ಒಂದು ಸಂಗತಿಯುಂಟು: ಊರಿನ ವರ್ತಕರೂ ಮಿತ್ರರೂ ಹಣ ಕೂಡಿಸಿ ಕೊರತೆಯನ್ನು ಕೆಲವೇ ದಿನಗಳಲ್ಲಿ ತುಂಬಿಕೊಟ್ಟರು.

ಸೇನಾ ನ್ಯಾಯಸಭೆಯು ಅಪಹಾರದ ಆಪಾದನೆಯಿಂದ ಆತನನ್ನು ಬಿಡುಗಡೆ ಮಾಡಿತು. ಆದರೆ ಅಧಿಕಾರಿಗೆ ತಕ್ಕುದಲ್ಲದ ನಡತೆಯೆಂದು ಸೇವೆಯಿಂದ ವಜಾ ಮಾಡುವ ಶಿಕ್ಷೆ ವಿಧಿಸಿತು. ಸೇನೆಯ ಮುಖ್ಯ ನ್ಯಾಯಾಧಿಕಾರಿಯೇ ಶಿಕ್ಷೆಯನ್ನು ತಗ್ಗಿಸಬೇಕೆಂದು ಶಿಫಾರಸು ಮಾಡಿದರೂ ಅಧ್ಯಕ್ಷ ಆರ್ಥರನು ಅದನ್ನೇ ಖಾಯಂ ಮಾಡಿದನು. ೧೮೮೨ನೆಯ ಜೂನ್ ೩೦ರಂದು ಫ್ಲಿಪ್ಪರನು ಸೈನ್ಯದಿಂದ ಹೊರಬಿದ್ದನು. ಸುಳ್ಳಿಗೆ ದಂಡನೆ ನ್ಯಾಯವೇ. ಕದ್ದಿಲ್ಲವೆಂದು ಒಪ್ಪಿದ ಮೇಲೂ ಮಾನವನ್ನೆಲ್ಲಾ ಕಸಿದುಕೊಂಡುದು ನಮ್ಮ ಮನಸ್ಸಿಗೆ ಒಪ್ಪುವುದಿಲ್ಲ.

ಆತನು ಕೈಕಟ್ಟಿ ಕುಳಿತವನಲ್ಲ. ಗಡಿನಾಡುಗಳಲ್ಲಿಯೂ ಮೆಕ್ಸಿಕೋ ದೇಶದಲ್ಲಿಯೂ ಮೋಜಣಿದಾರನಾಗಿ, ಇಂಜಿನಿಯರನಾಗಿ ದುಡಿದನು. ಅರಿಜೋನಾದ ನೊಗಾಲೆಸ್ ಊರಿನವರು ಹಳೆಯ ದಾನಪತ್ರವೊಂದರ ದೆಸೆಯಿಂದ ಮನೆನೆಲಗಳನ್ನೇ ಕಳೆದುಕೊಳ್ಳುವಂತಿದ್ದಾಗ, ಕಾಗದಪತ್ರಗಳನ್ನು ಶೋಧಿಸಿ ಅವರ ಹಕ್ಕಿಗೆ ನೆರವಾದನು. ಲೆಕ್ಕದಲ್ಲಿ ನಂಬಿಕೆಗೆಟ್ಟವನೆನಿಸಿಕೊಂಡವನಿಗೆ ಸರಕಾರವೇ ಭೂಮಿಯ ಹಕ್ಕುಗಳ ನ್ಯಾಯಾಲಯದಲ್ಲಿ ವಿಶೇಷ ಕೆಲಸ ಕೊಟ್ಟಿತು. ಸೇನೆಯ ಬಾಗಿಲು ಮಾತ್ರ ತೆರೆಯಲಿಲ್ಲ. ೧೮೯೮ರಿಂದ ಮೊದಲ್ಗೊಂಡು ಕಾಂಗ್ರೆಸ್ ಸಭೆಯಲ್ಲಿ ಆತನ ಪರವಾಗಿ ಹಲವು ಮಸೂದೆಗಳು ಬಂದು, ಒಂದೂ ಅಂಗೀಕಾರವಾಗದೆ ಹೋದವು.

೧೯೭೬ರಲ್ಲಿ ಸೇನೆಯು ವಜಾ ಆಜ್ಞೆಯನ್ನು ಬದಲಿಸಿ ಗೌರವದ ಬಿಡುಗಡೆಯ ಪತ್ರವನ್ನು ನೀಡಿತು. ೧೯೯೯ನೆಯ ಫೆಬ್ರವರಿ ೧೯ರಂದು ಅಧ್ಯಕ್ಷ ಕ್ಲಿಂಟನ್ ಅವರು ಕ್ಷಮೆಯಿತ್ತರು. ಇವೆರಡನ್ನೂ ಕಾಣಲು ಫ್ಲಿಪ್ಪರನಿರಲಿಲ್ಲ. ೧೯೪೦ರಲ್ಲಿ, ಅಟ್ಲಾಂಟಾದಲ್ಲಿದ್ದ ತನ್ನ ತಮ್ಮನ ಮನೆಯಲ್ಲಿ ಆತನು ತೀರಿಕೊಂಡಿದ್ದನು. ಮರಣಪತ್ರದಲ್ಲಿ ಮೃತನ ವೃತ್ತಿಯನ್ನು ಬರೆಸಬೇಕಾಗಿ ಬಂದಾಗ, ಆ ತಮ್ಮನು ಇಂಜಿನಿಯರನೆಂದು ಬರೆಸಲಿಲ್ಲ. ನಿವೃತ್ತ ಸೇನಾಧಿಕಾರಿಯೆಂದು ಬರೆಸಿದನು.