ಹದ್ದಿನ ಬೆನ್ನಿಗಿರುವುದು ಗೂಢಚಾರಿ ಯಂತ್ರವಲ್ಲ

ವಲಸೆ ಹೋಗುವ ಬೇಟೆಹಕ್ಕಿಗಳ ಬೆನ್ನಿಗೆ ಕಟ್ಟುವ ಟ್ಯಾಗ್ ಬೇಹುಗಾರಿಕೆಯ ಸಾಧನ ಎಂಬ ನಂಬಿಕೆ ಎಷ್ಟು ಬಾರಿ ಸುಳ್ಳಾದರೂ ಮತ್ತೆ ತಲೆಯೆತ್ತುತ್ತದೆ. 2011ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ಟ್ಯಾಗ್ ಹೊತ್ತ ರಣಹದ್ದೊಂದು ಸೌದಿ ಅರೇಬಿಯಾದಲ್ಲಿ ಸಿಕ್ಕಿಬಿದ್ದು ಇಸ್ರೇಲಿನ ಗೂಢಚಾರ ಎನಿಸಿಕೊಂಡಿತು. 2013ರಲ್ಲಿ ಟರ್ಕಿಯಲ್ಲಿ, ಕಾಲಿಗೆ ಇಸ್ರೇಲಿನ ಉಂಗುರವಿದ್ದ ಚಾಣವೊಂದನ್ನು ಎಕ್ಸ್‌ರೇ ತೆಗೆದೇ ನೋಡಿದರು. ಒಳಗೆ ಯಾವ ಯಂತ್ರವೂ ಇರಲಿಲ್ಲ. 2024ರಲ್ಲಿ ಕಾರವಾರದಲ್ಲಿ ಟ್ಯಾಗ್ ಹೊತ್ತ ರಣಹದ್ದೊಂದು ಕಂಡಾಗಲೂ ಇದೇ ಗುಲ್ಲೆದ್ದಿತು. ಆ ರಣಹದ್ದು ಬಂದದ್ದು ಮಹಾರಾಷ್ಟ್ರದ ತಾಡೋಬಾದ ಸಂರಕ್ಷಣಾ ಯೋಜನೆಯಿಂದ.

ಬೇಹಿಗೆ ಕಳುಹಿಸುವವರು ಯಂತ್ರದ ಮೇಲೆ ತಮ್ಮ ಹೆಸರು ಬರೆದು ಕಳುಹಿಸುವುದಿಲ್ಲ. ಸಂಶೋಧಕರು ಬರೆಯುತ್ತಾರೆ, ಹಕ್ಕಿ ಸಿಕ್ಕವರು ತಿಳಿಸಲಿ ಎಂದೇ. ಟ್ಯಾಗಿನ ತೂಕ ಸಾಮಾನ್ಯವಾಗಿ ಹಕ್ಕಿಯ ತೂಕದ ಶೇ. 3ರಿಂದ 5ನ್ನು ಮೀರುವಂತಿಲ್ಲ. ಅಮುರ್ ಫಾಲ್ಕನ್ ಎಂಬ ವಲಸೆ ಬೇಟೆಹಕ್ಕಿಗೆ ಕಟ್ಟುವುದು ಸುಮಾರು 5 ಗ್ರಾಮಿನ, ಬಿಸಿಲಿನಿಂದ ನಡೆಯುವ ಸಾಧನ. ಅದು ತಿಳಿಸುವುದು ಹಕ್ಕಿ ಯಾವ ಹೊತ್ತಿನಲ್ಲಿ ಎಲ್ಲಿತ್ತು ಎಂಬುದನ್ನು. ಅಲ್ಲದೆ, ಗಾಳಿ ಮತ್ತು ಆಹಾರ ನೋಡಿಕೊಂಡು ದಾರಿ ಹಿಡಿಯುವ ಹಕ್ಕಿಯನ್ನು ಇಂಥ ನೆಲೆಯ ಮೇಲೆ ಹಾರು ಎಂದು ಯಾರೂ ನಡೆಸಲಾರರು.

ಈ ಟ್ಯಾಗಿನ ನಿಜವಾದ ಕೆಲಸ ನಾಗಾಲ್ಯಾಂಡಿನಲ್ಲಿ ಕಂಡಿದೆ. 2012ರಲ್ಲಿ ದೊಯಾಂಗ್ ಜಲಾಶಯದ ಬಳಿ ಬಲೆ ಹಾಕಿ ಅಮುರ್ ಫಾಲ್ಕನ್‌ಗಳನ್ನು ಸಾವಿರಗಟ್ಟಲೆ ಕೊಂದಿದ್ದರು. ಮರುವರ್ಷ ಊರವರೇ ಬೇಟೆ ನಿಲ್ಲಿಸಿದರು. ಅದೇ ವರ್ಷ ಟ್ಯಾಗ್ ಕಟ್ಟಿಸಿಕೊಂಡ ಮೂರು ಹಕ್ಕಿಗಳಿಗೆ ನಾಗಾ, ವೋಖಾ, ಪಾಂಗ್ತಿ ಎಂದು ಹೆಸರಿಟ್ಟರು. ಅರಬ್ಬಿ ಸಮುದ್ರದಾಚೆ ಆಫ್ರಿಕಾದತ್ತ ಹೊರಟ ಅವುಗಳ ಸುದ್ದಿಯನ್ನು ಅಲ್ಲಿನ ಪಾಂಗ್ತಿ ಊರಿನ ಜನ ಮನೆಮಕ್ಕಳ ಸುದ್ದಿಯಂತೆ ಕೇಳಿದರು. ಯಾವ ಭಾಷಣವೂ ಇಷ್ಟು ಕಲಿಸಲಾರದು. 2018ರಲ್ಲಿ ‘ಮಣಿಪುರ’ ಎಂಬ ಹಕ್ಕಿ ಮಣಿಪುರ ರಾಜ್ಯದ ತಮೆಂಗ್ಲಾಂಗ್‌ನಲ್ಲಿ ಸತ್ತದ್ದು ತಿಳಿದದ್ದೂ ಟ್ಯಾಗಿನಿಂದಲೇ.

ಬೇಟೆಹಕ್ಕಿಗಳ ಬಗ್ಗೆ ಇಂಥ ಬೇರೆ ನಂಬಿಕೆಗಳೂ ಇವೆ. ಹದ್ದುಗಳು ಮಕ್ಕಳನ್ನು ಹೊತ್ತೊಯ್ಯುತ್ತವೆ ಎಂಬುದೂ ಸುಳ್ಳು. ತಮ್ಮ ತೂಕಕ್ಕಿಂತ ಹೆಚ್ಚಿನದನ್ನು ಹೊತ್ತು ಹಾರುವುದು ಅವಕ್ಕೆ ಬಲು ಕಷ್ಟ. ನಲವತ್ತನೇ ವಯಸ್ಸಿನಲ್ಲಿ ಕೊಕ್ಕನ್ನು ಬಂಡೆಗೆ ಕುಟ್ಟಿ ಮುರಿದು, ಐದು ತಿಂಗಳು ಉಪವಾಸವಿದ್ದು ಹೊಸ ಜನ್ಮ ಪಡೆಯುವ ಹದ್ದಿನ ಕಥೆಯನ್ನು ಶಾಲೆಗಳ ವೇದಿಕೆಯಲ್ಲೇ ಹೇಳುತ್ತಾರೆ. ಕೊಕ್ಕು ಮುರಿದ ಹದ್ದು ಹಸಿವಿನಿಂದ ಸಾಯುತ್ತದೆ. 1977ರಲ್ಲಿ ಉಂಗುರ ತೊಡಿಸಿದ ಅಮೆರಿಕದ ಬೋಳುತಲೆ ಹದ್ದೊಂದು 2015ರಲ್ಲಿ ಸತ್ತಾಗ ಅದಕ್ಕೆ 38 ವರ್ಷ. ಕಾಡಿನಲ್ಲಿ ಬದುಕಿದ ಆ ಜಾತಿಯ ಹಕ್ಕಿಗೆ ಅದೇ ದೀರ್ಘಾಯುಷ್ಯದ ದಾಖಲೆಯಾಗಿತ್ತು. ಮಕ್ಕಳಿಗೆ ಧೈರ್ಯ ಹೇಳಲು ಸುಳ್ಳು ಜೀವಶಾಸ್ತ್ರ ಬೇಕಿಲ್ಲ.

ಟ್ಯಾಗ್ ಇರುವ ಹಕ್ಕಿ ನೆಲದಲ್ಲಿ ಕಂಡರೆ ಅದನ್ನು ಬೆನ್ನಟ್ಟದೆ, ಟ್ಯಾಗ್ ಕೀಳದೆ, ಅದರ ಮೇಲಿನ ಬರಹವನ್ನು ಅರಣ್ಯ ಇಲಾಖೆಗೆ ತಿಳಿಸಬೇಕು.