ಪ್ರಮಾಣವೂ ಶ್ರದ್ಧೆಯೂ

ನಂಬುಗೆ ಎಂಬ ಒಂದೇ ಮಾತಿನಲ್ಲಿ ಎರಡು ಭಾವಗಳು ಅಡಗಿವೆ. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವುದು ಅನುಮಾನ ಪ್ರಮಾಣ. 1682ರ ಧೂಮಕೇತು 1758ರಲ್ಲಿ ಮರಳುವುದೆಂದು ಎಡ್ಮಂಡ್ ಹ್ಯಾಲಿಯು 1705ರಲ್ಲಿ ಗಣಿತದಿಂದ ಸಾರಿದುದು ಈ ಬಗೆಯದು. ಆತನು 1742ರಲ್ಲಿ ಗತಿಸಿದನು. ಧೂಮಕೇತು 1758ರ ಡಿಸೆಂಬರಿನಲ್ಲಿ ತೋರಿತು. ತೋರದಿದ್ದರೆ ಆ ನಂಬುಗೆಯನ್ನು ಬಿಡಬೇಕಾಗುತ್ತಿತ್ತು. ಹಾಗೆ ಬಿಡಲು ಸಿದ್ಧವಿರುವುದೇ ಅದರ ಬಲ.

ಧರ್ಮಶ್ರದ್ಧೆಯಾದರೋ ಬಾಳನ್ನೇ ಒಪ್ಪಿಸುವ ಭಾವ. ಬೇಡಿದುದು ದೊರೆಯದಿದ್ದರೂ ಅದು ಕದಲದು. ಆದರೆ ಅದು ಕುರುಡಲ್ಲ. ಷಟ್‌ಸ್ಥಲದಲ್ಲಿ ಭಕ್ತನ ಶ್ರದ್ಧೆ ಮೊದಲ ಮೆಟ್ಟಿಲು ಮಾತ್ರ. ಪ್ರಾಣಲಿಂಗಿಯಲ್ಲಿ ಅದು ಅನುಭವವಾಗಿ ಮಾಗಬೇಕು. ಆಚಾರವೇ ಅದರ ಒರೆಗಲ್ಲು.

ರೋಗಕ್ಕೆ ತಕ್ಕ ಮದ್ದಾವುದೆಂಬುದನ್ನು ಪರೀಕ್ಷೆಯೇ ಹೇಳಬೇಕು. ರೋಗಿಯನ್ನು ಕೈಬಿಡದ ದಯೆಯನ್ನು ಶ್ರದ್ಧೆ ಕಲಿಸುತ್ತದೆ. ಒಂದರ ಕೆಲಸವನ್ನು ಇನ್ನೊಂದಕ್ಕೆ ಹೊರಿಸಿದರೆ ಎರಡೂ ಕೆಡುತ್ತವೆ. ಈ ವಿವೇಕವನ್ನು ಮಕ್ಕಳಲ್ಲಿ ಬೆಳೆಸುವುದು ವಿದ್ಯಾಲಯದ ಹೊಣೆ.