ಬೆಕ್ಕಿನ ಮರಿಗೆ ನೆಗಡಿಯೇ? ಮೆಡಿಕಲ್ ಸ್ಟೋರ್ ಕಡೆ ಓಡಬೇಡಿ ಸ್ವಾಮಿ!

ಮಾಗಡಿ: ಮಳೆ ಹಿಡಿಯಿತೆಂದರೆ ನಮ್ಮ ಪೇಟೆಗೆ ಹೊಸ ಗಿರಾಕಿಯೊಂದು ಬರುತ್ತದೆ. ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿದರೆ ಗೋಣಿಚೀಲದ ಸಂದಿಯಲ್ಲಿ, ಬಸ್ ಸ್ಟ್ಯಾಂಡಿನ ಬೆಂಚಿನಡಿಯಲ್ಲಿ, ನಿಲ್ಲಿಸಿದ ಲಗೇಜ್ ಆಟೋದ ಕೆಳಗೆ ಅಂಗೈಯಗಲದ ಒಂದು ಬೆಕ್ಕಿನ ಮರಿ. ತಾಯಿ ಎಲ್ಲೋ, ಒಡಹುಟ್ಟಿದವು ಎಲ್ಲೋ. ಮೂಗಲ್ಲಿ ಗೊಣ್ಣೆ, ಗೀಜು ಕಟ್ಟಿ ಅಂಟಿಕೊಂಡ ಕಣ್ಣು, ಎರಡು ನಿಮಿಷಕ್ಕೊಂದು ಸೀನು.

ಆಮೇಲಿನ ಮಾತುಕತೆ ಹೊಂಬಾಳಮ್ಮನಪೇಟೆಯಾದರೂ ಅಷ್ಟೇ, ತಿರುಮಲೆಯಾದರೂ ಅಷ್ಟೇ.

“ಅಣ್ಣಾ, ಇದಕ್ಕೆ ನೆಗಡಿ ಆಗೈತೆ.”

“ಅದಕ್ಕೇನಂತೆ? ಪಕ್ಕದ ಮೆಡಿಕಲ್‌ನಾಗೆ ಜ್ವರದ ಮಾತ್ರೆ ತಗಂಬಾ. ಅರ್ಧ ಅರೆದು ಹಾಲಿಗೆ ಹಾಕು.”

ಹೇಳಿದವರ ಮನಸ್ಸು ಒಳ್ಳೆಯದೇ. ಬೀದಿ ಮರಿಗೆ ಅಷ್ಟಾದರೂ ಮಾಡುವವರು ಎಷ್ಟು ಜನ ಇದ್ದಾರೆ? ಆದರೆ ನೆಗಡಿಯಿಂದ ಬದುಕಬಹುದಾಗಿದ್ದ ಮರಿ ಆ ಅರ್ಧ ಮಾತ್ರೆಯಿಂದ ಸಾಯುತ್ತದೆ! ಜ್ವರದ ಮಾತ್ರೆ ಎಂದರೆ ಪ್ಯಾರಾಸಿಟಮಾಲ್. ನಮ್ಮ ಲಿವರ್ ಅದನ್ನು ಅರಗಿಸಿ ಹೊರಗೆ ಹಾಕುತ್ತದೆ. ಬೆಕ್ಕಿನ ಲಿವರಿಗೆ ಆ ಶಕ್ತಿ ಇಲ್ಲ. ಔಷಧಿ ಮೈಯಲ್ಲೇ ಉಳಿದು ರಕ್ತವನ್ನು ಕೆಡಿಸುತ್ತದೆ, ರಕ್ತ ಉಸಿರನ್ನು ಹೊರಲಾರದೆ ಹೋಗುತ್ತದೆ. ವಸಡು ಕಂದು ತಿರುಗುತ್ತದೆ, ಮುಖ ಊದುತ್ತದೆ, ಮರಿ ಏದುಸಿರು ಬಿಡುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಳೆದ ಬೆಕ್ಕಿನ ಪ್ರಾಣವನ್ನೇ ತೆಗೆಯಬಲ್ಲದು. ಇನ್ನು ಅಂಗೈಯಗಲದ ಮರಿಯ ಪಾಡೇನು? ಯಾರಾದರೂ ಆಗಲೇ ಹಾಕಿಬಿಟ್ಟಿದ್ದರೆ ಕಾದು ನೋಡುವ ಮಾತೇ ಇಲ್ಲ. ಅದಕ್ಕೆ ಮದ್ದು ಇದೆ, ಆದರೆ ಗಂಟೆಗಳ ಒಳಗೆ ಡಾಕ್ಟರ ಹತ್ತಿರ ಹೋಗಬೇಕು.

ಇದು ನಮ್ಮ ನೆಗಡಿಯಲ್ಲ

ಮರಿಯಿಂದ ನಮಗೆ ನೆಗಡಿ ಹತ್ತೀತು ಎಂದು ಕೆಲವರಿಗೆ ಭಯ. ಇದು ಬಹುಪಾಲು ಎರಡು ವೈರಸ್‌ಗಳ ಕೆಲಸ. ಒಂದು ಬೆಕ್ಕಿನ ಹರ್ಪಿಸ್, ಇನ್ನೊಂದು ಕ್ಯಾಲಿಸಿ. ಎರಡೂ ಮನುಷ್ಯರ ತಂಟೆಗೆ ಬರುವುದಿಲ್ಲ. ಹರ್ಪಿಸ್ ಕಣ್ಣಿಗೆ ಬಿದ್ದರೆ ಕ್ಯಾಲಿಸಿ ನಾಲಿಗೆಯಲ್ಲಿ ಹುಣ್ಣು ಎಬ್ಬಿಸುತ್ತದೆ. ವಿಜ್ಞಾನಿಗಳು ಈ ಹರ್ಪಿಸನ್ನು ಪತ್ತೆ ಮಾಡಿದ್ದು 1958ರಲ್ಲಿ. ನಮ್ಮ ಹೆಬ್ಬಾಳದ ಪಶುವೈದ್ಯ ಕಾಲೇಜು ಬಾಗಿಲು ತೆರೆದದ್ದೂ ಅದೇ ವರ್ಷ!

ನಮಗೆ ಹತ್ತುವುದಿಲ್ಲ, ಸರಿ. ಅಂಗಡಿಯಲ್ಲಿ ಇಲಿ ಕಾಯುವ ಹಳೇ ಬೆಕ್ಕಿಗೆ ಮಾತ್ರ ಗ್ಯಾರಂಟಿ ಹತ್ತೀತು. ಸೀನಿನಿಂದ, ಒಂದೇ ತಟ್ಟೆಯಿಂದ, ಮರಿಯನ್ನು ಮುಟ್ಟಿದ ನಮ್ಮ ಕೈಯಿಂದಲೇ ಹರಡುತ್ತದೆ. ಆದ್ದರಿಂದ ಹೊಸ ಮರಿಗೆ ಎರಡು ವಾರವಾದರೂ ಬೇರೆ ಮೂಲೆ, ಬೇರೆ ತಟ್ಟೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಹರ್ಪಿಸ್ ಹೊರಗೆ ಒಂದು ದಿನ ಬಾಳುವುದೂ ಕಷ್ಟ. ಕ್ಯಾಲಿಸಿ ಗಟ್ಟಿಪಿಂಡ, ವಾರಗಟ್ಟಲೆ ನೆಲದಲ್ಲೇ ಕೂತಿರುತ್ತದೆ. ಅದಕ್ಕೆ ಬ್ಲೀಚಿಂಗ್ ನೀರೇ ಆಗಬೇಕು. ಒರೆಸಿದ ನೆಲ ಒಣಗಿದ ಮೇಲೆ ಮರಿಯನ್ನು ಬಿಡಿ.

ಮೂಗು ಕಟ್ಟಿದರೆ ಹೊಟ್ಟೆಯೂ ಕಟ್ಟಿತು

ಈಗ ಮುಖ್ಯ ಮಾತು. ಮರಿಗಳನ್ನು ಸಾಯಿಸುವುದು ಹೆಚ್ಚಾಗಿ ಸೀನಲ್ಲ, ಹಸಿವು ಮತ್ತು ಚಳಿ. ಬೆಕ್ಕು ಮೊದಲು ಉಣ್ಣುವುದು ಮೂಗಿನಿಂದ. ವಾಸನೆ ಸಿಗದಿದ್ದರೆ ಮುಂದೆ ಮೀನಿಟ್ಟರೂ ಅದಕ್ಕೆ ಅದು ಊಟವಲ್ಲ. “ಹಾಲು ಇಟ್ಟೆ, ಕುಡೀಲೇ ಇಲ್ಲ, ಅದರ ಹಣೇಬರಹ” ಎಂದು ಕೈ ಬಿಡುವವರು ಇಲ್ಲೇ ಎಡವುವುದು.

ಊಟಕ್ಕೂ ಮುಂಚೆ ಮೈ ಬೆಚ್ಚಗಾಗಬೇಕು. ತಣ್ಣಗಿರುವ ಮರಿಯ ಹೊಟ್ಟೆ ಏನನ್ನೂ ಅರಗಿಸದು. ರಟ್ಟಿನ ಡಬ್ಬಕ್ಕೆ ಹಳೇ ಟವೆಲ್ ಹಾಸಿ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಒಂದು ಪಕ್ಕ ಇಡಿ. ಸೆಕೆಯಾದರೆ ಮರಿ ಆಚೆ ಸರಿಯಲು ಜಾಗ ಇರಲಿ. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಕಣ್ಣು, ಮೂಗು ಒರೆಸಿ. ಒಂದು ಕಣ್ಣಿಗೆ ಒಂದು ಹತ್ತಿ, ಇನ್ನೊಂದಕ್ಕೆ ಬೇರೆ. ಅಂಟಿದ ರೆಪ್ಪೆಯನ್ನು ಎಳೆಯಬಾರದು; ನೆನೆದರೆ ತಾನೇ ಬಿಡುತ್ತದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬುದು ಹಳೇ ಪ್ರಶ್ನೆ. ಮೂಗು ಒರೆಸುವವರು ಯಾರು ಎಂಬುದಕ್ಕೆ ಉತ್ತರ ಸುಲಭ: ಸಿಕ್ಕಿದವರೇ!

ಮೂಗು ತೀರಾ ಕಟ್ಟಿದ್ದರೆ ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು, ಆ ಹಬೆಯಲ್ಲಿ ಹತ್ತು ನಿಮಿಷ ಮರಿಯನ್ನು ಎತ್ತಿಕೊಂಡು ಕೂತಿರಿ. ನೀಲಗಿರಿ ಎಣ್ಣೆ, ಕರ್ಪೂರ, ಎದೆಗೆ ಹಚ್ಚುವ ಮುಲಾಮು ಯಾವುದೂ ಬೇಡ. ಬೆಕ್ಕು ಮೈ ನೆಕ್ಕುವ ಪ್ರಾಣಿ, ಹಚ್ಚಿದ್ದೆಲ್ಲ ಹೊಟ್ಟೆಗೇ.

ಆಮೇಲೆ ಊಟ. ಹಲ್ಲು ಬಂದು ನಡೆದಾಡುವ ಮರಿಗೆ ಬೇಯಿಸಿದ ಕೋಳಿ ಅಥವಾ ಮುಳ್ಳು ತೆಗೆದ ಮೀನನ್ನು ಮಸೆದು, ಬಿಸಿ ಮಾಡಿ, ವಾಸನೆ ಏಳುವಂತೆ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಸೋಕಿದ ಸಾರು ಬೆಕ್ಕಿಗೆ ಆಗದು. ಹಸುವಿನ ಹಾಲು ಕುಡಿದರೆ ಎಷ್ಟೋ ಮರಿಗಳಿಗೆ ಭೇದಿ. ಮೊದಲೇ ಒಣಗಿದ ಮೈ ಇನ್ನೂ ಒಣಗುತ್ತದೆ. ಹಲ್ಲು ಬಾರದ ಎಳೆಯದಕ್ಕೆ ಬೆಂಗಳೂರಿನ ಸಾಕುಪ್ರಾಣಿ ಅಂಗಡಿಗಳಲ್ಲಿ ಮರಿಬೆಕ್ಕಿನ ಹಾಲಿನ ಪುಡಿ ಸಿಗುತ್ತದೆ. ಮಗುವಿನಂತೆ ಅಂಗಾತ ಮಲಗಿಸಿ ಹಾಲು ಹಾಕಿದರೆ ಶ್ವಾಸಕ್ಕೆ ಹೋದೀತು. ತಾಯಿ ಹತ್ತಿರ ಮಲಗಿದಂತೆ ಹೊಟ್ಟೆ ಕೆಳಗೆ ಮಾಡಿ, ಸೂಜಿ ತೆಗೆದ ಸಿರಿಂಜಿನಲ್ಲಿ ತೊಟ್ಟು ತೊಟ್ಟಾಗಿ ಕೊಡಬೇಕು.

ಡಾಕ್ಟರ ಹತ್ತಿರ ಯಾವಾಗ?

ಬಾಯಿ ತೆರೆದು ಉಸಿರಾಡಿದರೆ ಆ ಕ್ಷಣವೇ. ಅರ್ಧ ದಿನ ಏನೂ ತಿನ್ನದಿದ್ದರೆ, ಗೊಣ್ಣೆ ಹಸಿರಾದರೆ, ಕಣ್ಣಿನ ಗುಡ್ಡೆ ಮಬ್ಬಾದರೆ ಅದೇ ದಿನ. ವೈರಸ್‌ಗೆ ಆಂಟಿಬಯೋಟಿಕ್ ನಾಟುವುದಿಲ್ಲ; ಅದರ ಬೆನ್ನಿಗೆ ಬರುವ ಬ್ಯಾಕ್ಟೀರಿಯಾಕ್ಕೆ ಮಾತ್ರ ಕೊಡುತ್ತಾರೆ. ಯಾವುದು, ಎಷ್ಟು ಎಂಬುದು ಮರಿಯನ್ನು ತೂಗಿ ಹೇಳುವ ಮಾತು. ಅವರು ಕೊಟ್ಟ ಮಾತ್ರೆಯ ಹಿಂದೆಯೇ ಸ್ವಲ್ಪ ನೀರನ್ನೂ ಹಾಕಿ, ಗಂಟಲಲ್ಲಿ ನಿಂತರೆ ಹುಣ್ಣಾಗುತ್ತದೆ. ಪಶು ಆಸ್ಪತ್ರೆ ಎಂದರೆ ಹಸು ಎಮ್ಮೆಗೆ ಎಂದು ಸಂಕೋಚಪಡುವವರಿದ್ದಾರೆ. ಅದು ಬೆಕ್ಕಿಗೂ ಆಸ್ಪತ್ರೆಯೇ.

ಹೆದರಿದ ಮರಿ ಪರಚಿದರೆ, ಕಚ್ಚಿದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಿ.

ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮರಿ ಚೇತರಿಸಿಕೊಳ್ಳುತ್ತದೆ. ಹರ್ಪಿಸ್ ಮಾತ್ರ ಒಳಗೇ ಅಡಗಿದ್ದು, ಜಾಗ ಬದಲಾದಾಗಲೋ ಬೆಕ್ಕು ಹೆದರಿದಾಗಲೋ ಮತ್ತೆ ಸೀನಿಸೀತು. ಗುಣವಾದ ಮೇಲೆ ಲಸಿಕೆ ಹಾಕಿಸಿ. ಅಂಗಡಿಯ ಹಳೇ ಬೆಕ್ಕಿಗೂ ಜೊತೆಯಲ್ಲೇ ಆಗಲಿ. ಮರಿಯನ್ನು ಹೆಬ್ಬಾಳದ ತನಕ ಒಯ್ಯಬೇಕಾಗಿ ಬಂದರೆ ಡಬ್ಬಕ್ಕೆ ತೂತು ಮಾಡಿ, ಮುಚ್ಚಳಕ್ಕೆ ದಾರ ಕಟ್ಟಿ ಬಸ್ ಹತ್ತಿ. ಸರ್ಕಾರಿ ಬಸ್ಸಿನಲ್ಲಿ ಸಾಕುಪ್ರಾಣಿಗೂ ಟಿಕೆಟ್ ಉಂಟು. ಡಬ್ಬದಲ್ಲಿ ಏನೂ ಇಲ್ಲ ಎಂದು ಕಂಡಕ್ಟರಿಗೆ ಹೇಳಿದಿರೋ, ತಾವರೆಕೆರೆ ದಾಟುವುದರೊಳಗೆ ಡಬ್ಬವೇ ಸೀನುತ್ತದೆ!